ಯಾವ ಮಗು ನೋಡಿ ಕಲಿಯುತ್ತೆ, ಯಾವುದು ಕೇಳಿ ಕಲಿಯುತ್ತೆ ಅಂತ ಮೊದ್ಲು ಟೆಸ್ಟ್ ಮಾಡ್ಬೇಕಾ?

ಪ್ರತಿ ಜೂನಲ್ಲೂ ಟೀಚರ್‌ಗಳಿಂದ ಇದೇ ಪ್ರಶ್ನೆ. ಬೇಡ. ಎಲ್ಲ ಮಕ್ಕಳಿಗೂ ಹೊಂದೋ ಪಾಠ ಪ್ಲ್ಯಾನ್ ಮಾಡೋಕೆ ಆ ಟೆಸ್ಟ್ ಬೇಕಾಗಿಲ್ಲ, ಅದಕ್ಕೆ ದುಡ್ಡಂತೂ ಕೊಡ್ಲೇಬೇಡಿ.

ಮಕ್ಕಳನ್ನ ವಿಶುವಲ್ (ನೋಡಿ ಕಲಿಯೋರು), ಆಡಿಟರಿ (ಕೇಳಿ ಕಲಿಯೋರು), ಕೈಯಲ್ಲಿ ಮಾಡಿ ಕಲಿಯೋರು ಅಂತ ಮೂರು ಗುಂಪು ಮಾಡಿ ಅವರವರ 'ಲರ್ನಿಂಗ್ ಸ್ಟೈಲ್', ಅಂದ್ರೆ ಕಲಿಯೋ ಥರಕ್ಕೆ ತಕ್ಕಂತೆ ಪಾಠ ಮಾಡಿದ್ರೆ ಜಾಸ್ತಿ ಕಲೀತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ರೀ. 2008ರಲ್ಲೇ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಸೈಕಾಲಜಿಸ್ಟ್‌ಗಳು ಅಲ್ಲೀವರೆಗಿನ ಸಂಶೋಧನೆ ಜಾಲಾಡಿ ಇದನ್ನೇ ಬರೆದ್ರು. ಮಕ್ಕಳಿಗೆ ಒಂದೊಂದು ಇಷ್ಟ ಇರತ್ತೆ, ಇಲ್ಲ ಅಂದೋರ್ಯಾರು, ಆದ್ರೆ ಹೇಗೆ ಕಲಿಸ್ಬೇಕು ಅನ್ನೋದನ್ನ ಜಾಸ್ತಿ ನಿರ್ಧಾರ ಮಾಡೋದು ಪಾಠದ ವಿಷಯ. ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ಕಿವೀಲಿ ಕೇಳದೆ ಬರೀ ಚಾರ್ಟ್ ನೋಡಿದ್ರೆ ಬರತ್ತಾ? ಕಾವೇರಿ ಹರಿಯೋ ದಾರೀನ ಮ್ಯಾಪ್ ಇಲ್ದೆ ಬಾಯಲ್ಲಿ ಎಷ್ಟು ಹೇಳ್ತೀರಾ? ಕಣ್ಣು ಕಾಣದ ಮಗುಗೆ ಅದೇ ಮ್ಯಾಪಿನ ಮೇಲೆ ದಾರ ಅಂಟಿಸಿ ಕೊಡಿ, ಬೆರಳಲ್ಲಿ ನದಿ ಹಿಡ್ಕೊಂಡು ಹೋಗತ್ತೆ, ಅದು ಸ್ಟೈಲ್ ಅಲ್ಲ, ಅಗತ್ಯ. ಇನ್ನೂ ಸಂಕಟ ಆಗೋದು, ಹಣೆಪಟ್ಟಿ ಹಚ್ಚಿದ್ಮೇಲೆ ಮಗು 'ನಾನು ವಿಶುವಲ್ ಮಿಸ್, ಓದೋದು ನಂಗಾಗಲ್ಲ' ಅಂತ ಪುಸ್ತಕ ಮುಚ್ಚಿಬಿಟ್ರೆ.

ಅಮೆರಿಕದ ಕಾಸ್ಟ್ (CAST) ಅನ್ನೋ ಶಿಕ್ಷಣ ಸಂಸ್ಥೆ ರೂಪಿಸಿದ, ಎಲ್ಲ ಮಕ್ಕಳಿಗೂ ಹೊಂದೋ ಹಾಗೆ ಪಾಠ ಪ್ಲ್ಯಾನ್ ಮಾಡೋ 'ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್' ವಿಧಾನ ಹೇಳೋದೂ ಗುಂಪು ಮಾಡಿ ಅಂತಲ್ಲ, ಎಲ್ರಿಗೂ ಎರಡ್ಮೂರು ದಾರಿ ಮೊದ್ಲೇ ತೆರೆದಿಡಿ ಅಂತ. ಆವಿಯಾಗೋದರ ಪಾಠ ತಗೊಳ್ಳಿ. ಗುರಿ ಒಂದೇ, ಒದ್ದೆ ಬಟ್ಟೆ ಯಾಕೆ ಒಣಗತ್ತೆ ಅಂತ ಮಗು ವಿವರಿಸ್ಬೇಕು. ಎರಡು ಒದ್ದೆ ಕರ್ಚೀಫ್, ಒಂದನ್ನ ಕಿಟಕಿ ಬಿಸಿಲಿಗೆ ಹರಡಿ, ಇನ್ನೊಂದನ್ನ ಮಡಚಿ ಬೆಂಚ್ ಮೇಲಿಡಿ, ಎಲ್ರೂ ಮುಟ್ಟಿ ನೋಡ್ಲಿ, ಬೋರ್ಡಲ್ಲಿ ಚಿತ್ರ ಬರೀರಿ, ಜೋರಾಗಿ ಓದಿ. ಬೆಂಗಳೂರಿನ ಕ್ಲಾಸಲ್ವಾ, ಮನೇಲಿ ತಮಿಳು, ತೆಲುಗು, ಉರ್ದು ಆಡೋ ಮಕ್ಕಳು ಮೊದ್ಲು ಪಕ್ಕದವರ ಜೊತೆ ತಮ್ಮ ಮಾತಲ್ಲೇ ಚರ್ಚೆ ಮಾಡ್ಲಿ. ಆಮೇಲೆ ಉತ್ತರ ಬರೀಬಹುದು, ಹೇಳಬಹುದು, ಚಿತ್ರ ಬಿಡಿಸಿ ಹೆಸರು ಗುರುತಿಸಬಹುದು.

ಹಾಗಾದ್ರೆ ಬಾಯಲ್ಲಿ ಹೇಳಿದ ಮಗುಗೂ ಪೂರ್ತಿ ಮಾರ್ಕ್ಸಾ? ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. ಅಳೀತಿರೋದು ವಿಜ್ಞಾನ ಆದ್ರೆ ಹೌದು, ಪೂರ್ತಿ ಕೊಡಿ. ಪ್ರಬಂಧ ಬರೆಯೋ ಟೆಸ್ಟ್ ಆದ್ರೆ ಬರೆಸ್ಲೇಬೇಕು, ಟೈಮ್ ಬೇಕಾದ್ರೆ ಜಾಸ್ತಿ ಕೊಡಿ. ಬೋರ್ಡ್ ಎಕ್ಸಾಮಲ್ಲಿ ಸ್ಕ್ರೈಬ್, ಅಂದ್ರೆ ಮಗು ಹೇಳಿದ್ದನ್ನ ಬರೆದುಕೊಡೋರು, ಬೇಕಂದ್ರೆ ಸರ್ಟಿಫಿಕೇಟ್ ಕೇಳ್ತಾರೆ, ಅದನ್ನ ಹತ್ತನೇ ಕ್ಲಾಸಿನ ಕೊನೇವರೆಗೂ ಮುಂದಕ್ಕೆ ಹಾಕ್ಬೇಡಿ ಅಂತ ಪೇರೆಂಟ್ಸ್‌ಗೆ ಹೇಳಿ. ನಿಮ್ಮ ಕ್ಲಾಸ್ ಟೆಸ್ಟಿಗೆ ಮಾತ್ರ ಯಾವ ಕಾಗದಕ್ಕೂ ಕಾಯ್ಬೇಡಿ.