ರೈಟ್ರು ಬದಲಾದಾಗಲೆಲ್ಲ: ಆಪರೇಟಿಂಗ್ ಸಿಸ್ಟಂ ನಡೆದು ಬಂದ ದಾರಿ

ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂನ ಸಾಮಾನ್ಯ ಬೆಂಬಲ, ಎಂದರೆ ದೋಷ ತಿದ್ದುವ ಪ್ಯಾಚ್‌ಗಳು ಬರುವುದು, 2025ರ ಅಕ್ಟೋಬರ್ 14ಕ್ಕೆ ಮುಗಿದಾಗಿನಿಂದ ವಿರಾಜಪೇಟೆಯ ನಮ್ಮ ಡಿಟಿಪಿ ಅಂಗಡಿಗೆ ಬಂದವರೆಲ್ಲ ಕೇಳುವುದು ಇದನ್ನೇ: "ಸಿಸ್ಟಂ ಚೆನ್ನಾಗೇ ಓಡ್ತಾ ಉಂಟಲ್ಲ, ಹೊಸದು ಯಾಕೆ?" ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾಫಿ ತೋಟ ಕಂಡವರಿಗೆ ಆಪರೇಟಿಂಗ್ ಸಿಸ್ಟಂ ಹೊಸತಲ್ಲ. ಅದು ತೋಟದ ರೈಟ್ರು, ಎಂದರೆ ಲೆಕ್ಕ ಬರೆದು ಕೆಲಸ ಹಂಚುವವರು. ಸಾಹುಕಾರರು ಮೆಣಸು ಕುಯ್ಯಿಸಿ ಎಂದು ಹೇಳಿ ಹೋಗುತ್ತಾರೆ. ಏಣಿ ಯಾರಿಗೆ, ಎಷ್ಟು ಹೊತ್ತು, ಯಾರ ಮೂಟೆ ಎಲ್ಲಿ, ಸ್ಟೋರಿನ ಬೀಗದ ಕೈ ಯಾರ ಹತ್ತಿರ ಎಂಬುದೆಲ್ಲ ರೈಟ್ರ ತಲೆನೋವು. ಕಂಪ್ಯೂಟರಿನಲ್ಲಿ ಏಣಿ ಎಂದರೆ ಪ್ರೊಸೆಸರ್, ಕೆಲಸ ಮಾಡುವ ಮುಖ್ಯ ಚಿಪ್; ಆಳುಗಳು ಪ್ರೋಗ್ರಾಂಗಳು, ಮೂಟೆ ಫೈಲು.

ಮೊದಮೊದಲ ಕಂಪ್ಯೂಟರುಗಳಿಗೆ ರೈಟ್ರೇ ಇರಲಿಲ್ಲ. 1956ರಲ್ಲಿ ಐಬಿಎಂ 704 ಯಂತ್ರದಲ್ಲಿ ಕೆಲಸಗಳನ್ನು ಒಂದಾದ ಮೇಲೊಂದು ತಾನೇ ಓಡಿಸುವ ವ್ಯವಸ್ಥೆ ಬಂತು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಎಂಬ ಸಿಸ್ಟಂ ಶುರುಮಾಡಿದರು; 1973ರಲ್ಲಿ ಅದನ್ನು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಿದ್ದಿ ಬರೆದ ಮೇಲೆ ಒಂದೇ ಸಿಸ್ಟಂ ಬೇರೆ ಬೇರೆ ಯಂತ್ರಗಳಿಗೆ ಹೋಗುವಂತಾಯಿತು. 1981ರಲ್ಲಿ ಐಬಿಎಂ ಪಿಸಿ ಜೊತೆ ಡಾಸ್ ಎಂಬ ಸಿಸ್ಟಂ ಬಂತು. ಒಂದು ಸಲಕ್ಕೆ ಒಂದೇ ಕೆಲಸ, ಆದರೂ ಲೆಕ್ಕಪತ್ರಕ್ಕೆ ಸಾಕಿತ್ತು.

ನನಗೆ ಚೆನ್ನಾಗಿ ಗೊತ್ತಿರುವುದು ಆಮೇಲಿನದು. ವಿಂಡೋಸ್ 3.1ರಲ್ಲಿ ಏಣಿ ಹಿಡಿದವನು ತಾನಾಗಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಬ್ಬನಿಗೆ ಸಿಗುತ್ತಿತ್ತು. ಅವನು ಬಿಡದಿದ್ದರೆ ಇಡೀ ತೋಟ ಕೈಕಟ್ಟಿ ನಿಲ್ಲಬೇಕು. 1995ರ ವಿಂಡೋಸ್‌ನಲ್ಲಿ ರೈಟ್ರಿಗೆ ಏಣಿ ಕಿತ್ತುಕೊಳ್ಳುವ ಅಧಿಕಾರ ಬಂತು, ಹೊಸ 32 ಬಿಟ್ ಪ್ರೋಗ್ರಾಂಗಳ ಮಟ್ಟಿಗೆ.

ಆದರೆ ನಮ್ಮ ಕಷ್ಟ ಏಣಿಯದ್ದಲ್ಲ, ಕರೆಂಟಿನದು. ಹೂಮಳೆ ಬಂತೆಂದು ತೋಟದವರು ಖುಷಿಪಡುವಾಗಲೇ ನಮ್ಮಲ್ಲಿ ಸ್ಕ್ರೀನ್ ಕಪ್ಪಾಗುತ್ತಿತ್ತು. ಎದುರಿನ ಬೆಂಚಿನಲ್ಲಿ ಮದುವೆ ಕಾಗದದ ಪ್ರೂಫ್ ನೋಡಲು ಬಂದವರು. ಕರೆಂಟ್ ಬಂದ ಮೇಲೆ ನೀಲಿ ಪರದೆಯಲ್ಲಿ ಡಿಸ್ಕ್ ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್‌ನ ಹಳದಿ ಪಟ್ಟಿ ತೆವಳುವುದನ್ನು ಎಲ್ಲರೂ ಸೇರಿ ನೋಡುವುದು. ಎರಡು ಚಹಾ ಮುಗಿದರೂ ಪಟ್ಟಿ ಅರ್ಧಕ್ಕೇ ಇರುತ್ತಿತ್ತು. ಆಗಿನ ರೈಟ್ರು ಮೂಟೆ ಹೊರಿಸುತ್ತಾ ಪುಸ್ತಕ ತಿದ್ದುವವರು, ನಡುವೆ ದೀಪ ಆರಿದರೆ ಯಾವ ಮೂಟೆ ಎಲ್ಲಿದೆಯೋ ಮೊದಲಿಂದ ಎಣಿಸಬೇಕು. 2001ರ ವಿಂಡೋಸ್ ಎಕ್ಸ್‌ಪಿ ಮನೆ, ಅಂಗಡಿಗಳಿಗೆ ತಂದ ಎನ್‌ಟಿಎಫ್‌ಎಸ್ ಎಂಬ ಫೈಲು ಇಡುವ ಪದ್ಧತಿಯ ರೈಟ್ರು ಜಾಣ: ಮೊದಲು ಚೀಟಿ, ಆಮೇಲೆ ಮೂಟೆ. ದೀಪ ಬಂದ ಮೇಲೆ ಕೊನೆಯ ಚೀಟಿ ನೋಡಿದರಾಯಿತು. ಸೇವ್ ಮಾಡದ ಕಾಗದ ಮಾತ್ರ ಆಗಲೂ ಹೋಗುತ್ತಿತ್ತು, ಈಗಲೂ ಹೋಗುತ್ತದೆ.

ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಯುನಿಕೋಡ್ ಕನ್ನಡವೂ, ಎಂದರೆ ಎಲ್ಲ ಕಡೆಗೂ ಒಂದೇ ಸಂಕೇತದ ಕನ್ನಡವೂ ಬಂತು. ಅದಕ್ಕೂ ಮುಂಚೆ ಒಂದು ಸಾಫ್ಟ್‌ವೇರಿನ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತಿತ್ತು. ಇಷ್ಟೆಲ್ಲ ಕೊಟ್ಟ ಎಕ್ಸ್‌ಪಿಗೂ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತಿತು.

ಈ ನಡುವೆ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಎಂಬ ಇನ್ನೊಂದು ಸಿಸ್ಟಂ ಇಂದು ಆಂಡ್ರಾಯ್ಡ್ ಫೋನಿನ ಒಳಗೆ ಕೂತು ಹೆಚ್ಚಿನವರ ಜೇಬಿನಲ್ಲಿದೆ. ಲಿನಕ್ಸ್ ನಮಗೆ ಬೇಡ ಎನ್ನುವವರು ಅದನ್ನು ಆ ಫೋನಿನಲ್ಲೇ ಹೇಳುತ್ತಾರೆ.

ಇನ್ನು ವಿಂಡೋಸ್ 11. ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಒಂದು ಹಂತದ ನಂತರದ ಪ್ರೊಸೆಸರ್ ಕೇಳುತ್ತದೆ; ಹಲವು ಹಳೆಯ ಯಂತ್ರಗಳಲ್ಲಿ ಅವಿಲ್ಲ. ಭದ್ರತೆಯ ಕಾರಣ ಸುಳ್ಳಲ್ಲ. ಪ್ಯಾಚ್ ಸಿಗದ ಸಿಸ್ಟಂನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ ಎಂದು ನಾನೇ ಹೇಳುತ್ತೇನೆ. ಆದರೂ ಸವೆಯದ ಯಂತ್ರವೊಂದು ಯಾರೋ ಗೊತ್ತುಮಾಡಿದ ತಾರೀಖಿಗೆ ಹಳತಾಗುವುದು ಗಂಟಲಲ್ಲಿ ಇಳಿಯುವುದಿಲ್ಲ. ಲಿನಕ್ಸ್ ಹಾಕಿಕೊಳ್ಳಿ ಎನ್ನಬಹುದು, ಹಾಕಿಯೂ ಕೊಡುತ್ತೇನೆ. ಆದರೆ ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನಲ್ಲಿ ಕೂರಿಸಿದ ಹಳೆಯ ಫೈಲುಗಳು ಅಲ್ಲಿ ಸುಲಭಕ್ಕೆ ತೆರೆಯುವುದಿಲ್ಲ.

ಹಾಗಾಗಿ ನಮ್ಮ ಅಂಗಡಿಯಲ್ಲಿ ಎರಡು ಸಿಸ್ಟಂ. ನೆಟ್ ಕೆಲಸವೆಲ್ಲ ಲಿನಕ್ಸ್ ಹಾಕಿದ್ದರಲ್ಲಿ. ಮೂಲೆಯ ಎಕ್ಸ್‌ಪಿ ಯಂತ್ರದ ನೆಟ್ ಕೇಬಲ್ ಕಿತ್ತು ವರ್ಷಗಳಾದವು. ಅಪ್ಪನ ಮದುವೆ ಕಾಗದದ ಮಾದರಿಯೇ ಮಗನಿಗೂ ಬೇಕು ಎಂದು ಯಾರಾದರೂ ಬಂದ ದಿನ ಅದರ ಮೇಲಿನ ಬಟ್ಟೆ ತೆಗೆಯುತ್ತೇನೆ.