ಗಾಯಾಳುವನ್ನು ಒಯ್ಯುವುದೋ, ವೈದ್ಯರನ್ನು ಅಲ್ಲೇ ತಯಾರು ಮಾಡುವುದೋ?

1972ರ ಜೂನ್ 8ರಂದು ತ್ರಾಂಗ್ ಬಾಂಗ್ ಎಂಬ ಹಳ್ಳಿಯ ಮೇಲೆ ದಕ್ಷಿಣ ವಿಯೆಟ್ನಾಂನದೇ ವಿಮಾನಗಳು ಮೈಗಂಟಿ ಉರಿಯುವ ನಾಪಾಮ್ ಸುರಿದವು. ಉರಿಯುವ ಬಟ್ಟೆ ಕಿತ್ತೆಸೆದು, ಚೀರುತ್ತಾ ರಸ್ತೆಯಲ್ಲಿ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್‌ಳ ಫೋಟೊ ನೋಡದವರು ಕಡಿಮೆ. ಆದರೆ ಅವಳು ಬದುಕಿ ಉಳಿದದ್ದು ಹೇಗೆಂದು ಬಲ್ಲವರೂ ಕಡಿಮೆಯೇ. ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಅವಳು ಉಳಿಯುವ ಭರವಸೆ ಇರಲಿಲ್ಲ. ಅಲ್ಲಿಂದ ಅವಳನ್ನು ಸಾಗಿಸಿದ್ದು ರಾಜಧಾನಿ ಸೈಗಾನ್‌ನಲ್ಲಿ ಮಕ್ಕಳ ಪ್ಲಾಸ್ಟಿಕ್ ಸರ್ಜರಿಗೆಂದೇ ಇದ್ದ ಬಾರ್ಸ್ಕಿ ಘಟಕಕ್ಕೆ. ಸುಮಾರು 14 ತಿಂಗಳು ಆಸ್ಪತ್ರೆ ವಾಸ, ಒಟ್ಟು 17 ಶಸ್ತ್ರಚಿಕಿತ್ಸೆ. ಎಂಬತ್ತರ ದಶಕದಲ್ಲಿ ಮತ್ತೆ ಪಶ್ಚಿಮ ಜರ್ಮನಿಯಲ್ಲಿ ಚಿಕಿತ್ಸೆ ಬೇಕಾಯಿತು.

ಯುದ್ಧದ ನಡುವೆ ಸೈಗಾನ್‌ನಲ್ಲಿ ಅಂಥ ಘಟಕ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ದಾರಿ ಹಿರೋಷಿಮಾಕ್ಕೆ ಹೋಗುತ್ತದೆ. 1955ರ ಮೇನಲ್ಲಿ ಅಣುಬಾಂಬಿನಿಂದ ಮುಖ, ಕೈ ಸುಟ್ಟುಕೊಂಡಿದ್ದ 25 ಯುವತಿಯರನ್ನು ಅಮೆರಿಕಕ್ಕೆ ಕರೆದೊಯ್ದರು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಅವರಿಗೆ ಒಟ್ಟಾರೆ 130ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಒಬ್ಬಾಕೆ ಶಸ್ತ್ರಚಿಕಿತ್ಸೆಯ ವೇಳೆಯೇ ತೀರಿಕೊಂಡಳು. ಆ ತಂಡದ ಮುಂದಾಳುಗಳಲ್ಲಿ ಒಬ್ಬರು ಪ್ಲಾಸ್ಟಿಕ್ ಸರ್ಜನ್ ಆರ್ಥರ್ ಬಾರ್ಸ್ಕಿ. ಪತ್ರಿಕೆಗಳೆಲ್ಲ ಆ ಯುವತಿಯರನ್ನೇ ಹಿಂಬಾಲಿಸಿದವು. ಜಪಾನಿನಿಂದ ಜೊತೆಗೆ ಬಂದು, ಕೆಲಸ ನೋಡಿ ಕಲಿತು ಊರಿಗೆ ಮರಳಿದ ವೈದ್ಯರ ಬಗ್ಗೆ ಬರೆದವರು ಅಷ್ಟಕ್ಕಷ್ಟೆ. ನನ್ನ ಮಟ್ಟಿಗೆ ಆ ಪ್ರಯಾಣದ ದೊಡ್ಡ ಲಾಭ ಅವರೇ.

ಅರವತ್ತು ದಾಟಿದ್ದ ಬಾರ್ಸ್ಕಿ ಹತ್ತು ವರ್ಷಗಳ ಬಳಿಕ ವಿಯೆಟ್ನಾಂ ಕಡೆ ತಿರುಗಿದಾಗ, ಗಾಯಗೊಂಡ ಮಕ್ಕಳನ್ನು ಅಮೆರಿಕ, ಯೂರೋಪಿಗೆ ಒಯ್ಯುವ ಪ್ರಯತ್ನಗಳು ಶುರುವಾಗಿದ್ದವು. ಪರವಾನಗಿ, ವಿಮಾನ, ರಾಜಕೀಯ ಎಲ್ಲ ದಾಟಿ ಹೊರಡಲು ಸಾಧ್ಯವಾದದ್ದು ಕೆಲವೇ ಮಕ್ಕಳಿಗೆ. ಹೋದ ಮಗುವೂ ತಾಯಿಯಿಲ್ಲದೆ, ಭಾಷೆ ಬಾರದ ಊರಲ್ಲಿ ತಿಂಗಳುಗಟ್ಟಲೆ ಇರಬೇಕಿತ್ತು. ಬಾರ್ಸ್ಕಿ ವಕೀಲ ಥಾಮಸ್ ಮಿಲ್ಲರ್ ಜೊತೆ ಸೇರಿ ‘ಚಿಲ್ಡ್ರನ್ಸ್ ಮೆಡಿಕಲ್ ರಿಲೀಫ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆ ಕಟ್ಟಿ ಉಲ್ಟಾ ದಾರಿ ಹಿಡಿದರು. ಸೈಗಾನ್‌ನ ಚೋ ರೇ ಆಸ್ಪತ್ರೆಯಲ್ಲಿ 1969ರಲ್ಲಿ 54 ಹಾಸಿಗೆಗಳ ಮಕ್ಕಳ ಪ್ಲಾಸ್ಟಿಕ್ ಸರ್ಜರಿ ಘಟಕ ತೆರೆಯಿತು. ದೇಶದ ವೈದ್ಯರಲ್ಲಿ ಬಹುಪಾಲು ಸೇನೆಯ ಪಾಲಾಗಿದ್ದ ಕಾಲ ಅದು. ವಿಯೆಟ್ನಾಂ ವೈದ್ಯರಿಗೆ, ನರ್ಸ್‌ಗಳಿಗೆ ಕೆಲಸ ಕಲಿಸುವುದು ಮೊದಲಿನಿಂದಲೂ ಯೋಜನೆಯ ಭಾಗವಾಗಿತ್ತು.

ಹಣ ಎಲ್ಲಿಂದ? ದೊಡ್ಡ ಪಾಲು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ನಿಂದ. ನಾಪಾಮ್ ಒದಗಿಸಿದ್ದೂ ಅದೇ ಸರ್ಕಾರ. ಮಕ್ಕಳ ಸುಟ್ಟಗಾಯಗಳಲ್ಲಿ ನಾಪಾಮ್‌ನದೆಷ್ಟು, ಸೀಮೆಎಣ್ಣೆ ಸ್ಟೌವ್‌ಗೆ ಕಳ್ಳಸಂತೆಯ ಪೆಟ್ರೋಲ್ ಹಾಕಿ ಆದದ್ದೆಷ್ಟು ಎಂದು ವಾಷಿಂಗ್ಟನ್‌ನಲ್ಲಿ ದೊಡ್ಡ ಜಗಳವೇ ನಡೆಯಿತು. ವಾರ್ಡಿನಲ್ಲಿ ಎರಡೂ ಬಗೆಯ ಮಕ್ಕಳಿದ್ದರು, ಸೀಳುತುಟಿಯವರೂ ಬಹಳ ಮಂದಿ ಇದ್ದರು. ಸ್ಟೌವ್ ಎಂದೊಡನೆ ಯುದ್ಧ ಹೊಣೆಯಿಂದ ಪಾರಾಗುವುದಿಲ್ಲ. ಪೆಟ್ರೋಲು ಅಡುಗೆಮನೆಗೆ ಬಂದದ್ದೂ ಯುದ್ಧದಿಂದಲೇ.

ಈ ಶಸ್ತ್ರಚಿಕಿತ್ಸೆಗೆ ಇಷ್ಟು ದೊಡ್ಡ ವ್ಯವಸ್ಥೆ ಏಕೆ ಬೇಕು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಳವಾದ ಸುಟ್ಟಗಾಯ ಮಾಯುವಾಗ ಚರ್ಮ ಮುದುಡಿಕೊಳ್ಳುತ್ತದೆ. ಗದ್ದ ಎದೆಗೆ ಅಂಟುತ್ತದೆ, ಮೊಣಕೈ ಮಡಚಿದಲ್ಲೇ ನಿಲ್ಲುತ್ತದೆ, ರೆಪ್ಪೆ ಮುಚ್ಚಲಾಗದೆ ಕಣ್ಣು ಒಣಗುತ್ತದೆ. ಆ ಗಡುಸು ಕಲೆಯನ್ನು ಬಿಡಿಸಿ ತೊಡೆಯ ಚರ್ಮ ತಂದು ಕಸಿ ಮಾಡಿದರೂ ಮುಗಿಯಲಿಲ್ಲ. ಮಗು ಬೆಳೆಯುತ್ತದೆ, ಕಲೆ ಅದರ ಜೊತೆ ಬೆಳೆಯುವುದಿಲ್ಲ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಮತ್ತೆ ಮೇಜಿನ ಮೇಲೆ ಮಲಗಿಸಬೇಕು. ಗದ್ದ ಎದೆಗಂಟಿದ ಮಗುವಿನ ಗಂಟಲಿಗೆ ಉಸಿರಿನ ಕೊಳವೆ ಇಳಿಸುವುದಂತೂ ಅರಿವಳಿಕೆ ತಜ್ಞರಿಗೆ ಸತ್ವಪರೀಕ್ಷೆ. ಆಮೇಲೆ ಪಟ್ಟಿ ಬದಲಿಸುವ ನರ್ಸ್ ಬೇಕು, ದಿನವೂ ಕೈ ಬಿಡಿಸಿ ಮಡಚಿಸುವ ಫಿಸಿಯೋಥೆರಪಿಸ್ಟ್ ಬೇಕು. ‘ಸರ್ಜನ್‌ಗಳಿಗೆ ತರಬೇತಿ’ ಎಂದು ದಾನಿಗಳು ಹೇಳುವಾಗ ಇವರೆಲ್ಲ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ವಾರಕ್ಕೆಂದು ಹಾರಿಬಂದು ಹೋಗುವ ತಂಡ ಎಷ್ಟೇ ನುರಿತದ್ದಾದರೂ ಇಲ್ಲಿ ಸಾಲದು.

ಯುದ್ಧ ಈ ವಿದ್ಯೆಗೆ ಗಾಯಾಳುಗಳನ್ನಷ್ಟೇ ಅಲ್ಲ, ಪಾಠವನ್ನೂ ಕೊಟ್ಟಿದೆ. ಅದರಲ್ಲಿ ನಮ್ಮ ನೆಲದ ಪಾಲೂ ಇದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು, ಒಂದು ಕೈ ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮ ತಿರುಗಿಸಿ ಅವನಿಗೆ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದ ಈ ವರದಿ ಓದಿಯೇ ಇಂಗ್ಲಿಷ್ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದನ್ನು ಮಾಡಿ ನೋಡಿದ. ತರಬೇತಿ ಆಗ ಹರಿದದ್ದು ಇಲ್ಲಿಂದ ಅಲ್ಲಿಗೆ.

1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದಿತು, ಅಮೆರಿಕದ ಹಣ ನಿಂತಿತು. ಅದಾಗಿ ಬಹಳ ವರ್ಷ ಅಮೆರಿಕದ ಸ್ವಯಂಸೇವಾ ತಂಡಗಳಿಗೆ ಅಲ್ಲಿ ಹೆಚ್ಚುಕಡಿಮೆ ಬಾಗಿಲು ಮುಚ್ಚಿತ್ತು. 1989ರಲ್ಲಿ ‘ಆಪರೇಷನ್ ಸ್ಮೈಲ್’ ಸೀಳುತುಟಿ ಶಸ್ತ್ರಚಿಕಿತ್ಸೆಗೆಂದು ವಿಯೆಟ್ನಾಂಗೆ ಕಾಲಿಟ್ಟಿತು. ಸ್ಟ್ಯಾನ್‌ಫೋರ್ಡ್‌ನ ಸರ್ಜನ್ ಡೊನಾಲ್ಡ್ ಲಾಬ್ 1969ರಲ್ಲಿ ಶುರುಮಾಡಿದ ‘ಇಂಟರ್‌ಪ್ಲಾಸ್ಟ್’ ಕೂಡ ಮೊದಲಿಗೆ ಹೋಗಿಬರುವ ತಂಡವೇ. ಮುಂದೆ ಹೆಸರು ಬದಲಿಸಿಕೊಂಡು, ಸ್ಥಳೀಯ ಸರ್ಜನ್‌ಗಳನ್ನು ತಯಾರು ಮಾಡುವ ಕಡೆ ವಾಲಿತು. ಹೀಗೆ, ಬಾರ್ಸ್ಕಿ ಕಂಡುಕೊಂಡದ್ದನ್ನು ಉಳಿದವರು ಮತ್ತೆ ಮೊದಲಿನಿಂದ ಕಲಿತರು.

ಇರಾಕ್ ಇನ್ನೊಂದು ತೊಡಕನ್ನು ಮುಂದಿಟ್ಟಿತು. ಅಲ್ಲಿ ವೈದ್ಯರ ಕೊರತೆಯೇ ಇರಲಿಲ್ಲ. ಒಳ್ಳೆಯ ಮೆಡಿಕಲ್ ಕಾಲೇಜುಗಳಿದ್ದ ದೇಶ. 2003ರ ಬಳಿಕ ಅಪಹರಣ, ಕೊಲೆಗಳಿಗೆ ಹೆದರಿ ಕಲಿತವರೇ ದೇಶ ಬಿಟ್ಟರು. ಬಾಗ್ದಾದ್‌ನಲ್ಲಿ ಘಟಕ ನಡೆಸುವುದು ಅಸಾಧ್ಯವೆನಿಸಿದಾಗ ‘ಗಡಿಗಳಿಲ್ಲದ ವೈದ್ಯರು’ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಎಂಎಸ್‌ಎಫ್ 2006ರಲ್ಲಿ ನೆರೆಯ ಜೋರ್ಡಾನ್‌ನ ಅಮ್ಮಾನ್‌ನಲ್ಲಿ ಪುನರ್‌ರಚನಾ ಶಸ್ತ್ರಚಿಕಿತ್ಸೆ ಶುರುಮಾಡಿತು. ಭಾಷೆ ಅದೇ ಅರಬಿ, ಕೆಲಸ ಮಾಡುವ ಸರ್ಜನ್‌ಗಳಲ್ಲಿ ಇರಾಕಿನವರೂ ಇದ್ದರು. ಮುಂದೆ ಸಿರಿಯಾ, ಯೆಮೆನ್, ಗಾಜಾದ ಗಾಯಾಳುಗಳೂ ಬಂದರು. ಬಹಳ ಜನರ ಮೂಳೆಯೊಳಗೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗೆ ಬಗ್ಗದ ಸೋಂಕು. ಮೊದಲು ಪ್ರಯೋಗಾಲಯದಲ್ಲಿ ಕ್ರಿಮಿ ಯಾವುದೆಂದು ಗುರುತಿಸಿ, ವಾರಗಟ್ಟಲೆ ಔಷಧ ಕೊಟ್ಟು, ಆಮೇಲೆ ಮೂಳೆ ಕಟ್ಟುವ ಮಾತು.

ಯಾರನ್ನು ಅಮ್ಮಾನ್‌ಗೆ ಕಳಿಸಬೇಕೆಂದು ಆಯ್ದು ಕಡತ ಕಳಿಸುವವರು ಆಯಾ ದೇಶದಲ್ಲೇ ಉಳಿದ ವೈದ್ಯರು. ತಿಂಗಳುಗಳ ನಂತರ ರೋಗಿ ಮರಳಿದಾಗ ಮುಂದಿನ ಆರೈಕೆಗೆ ಆಸರೆಯಾಗಬೇಕಾದವರೂ ಇಂಥವರೇ. ಅವರೂ ಊರು ಬಿಟ್ಟರೆ ಅಮ್ಮಾನ್‌ನಲ್ಲಿ ಹಾಸಿಗೆ ಖಾಲಿಯಿದ್ದರೂ ಅಲ್ಲಿಗೆ ಹೆಸರು ಕಳಿಸುವವರಿಲ್ಲ.