ಪಾಯಿಂಟ್ ಅಂದ್ರೆ ಎಷ್ಟುದ್ದ?

ತಂಗಿ ಮದ್ವೆ ಕಾಗದ ಮಾಡ್ಸೋಕೆ ಅಮ್ಮನ ಜೊತೆ ಮುಂಬೈ ಘಾಟ್‌ಕೋಪರ್‌ನ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದೆ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಪ್ರೂಫ್ ನೋಡಿದ್ದೇ ಅಮ್ಮ, "ಕನ್ನಡ ಯಾಕೋ ಇಷ್ಟು ಸಣ್ಣ ಮಾಡಿದಾನೆ, ಕೇಳು" ಅಂದ್ರು. ಕೇಳಿದೆ. ಅವ್ನು ಮರಾಠಿಯವ್ನು, ಪಾಪ, ಸ್ಕ್ರೀನ್ ತಿರುಗಿಸಿ ತೋರ್ಸಿದ: ಎರಡೂ 12 ಪಾಯಿಂಟೇ.

ಈ ಪಾಯಿಂಟ್ ಅನ್ನೋ ಪದಕ್ಕೆ ಮುಂಬೈಲಿ ಎಷ್ಟು ಅವತಾರ! ಮಲಬಾರ್ ಪಾಯಿಂಟ್ ಅಂದ್ರೆ ಸಮುದ್ರಕ್ಕೆ ಚಾಚಿದ ನೆಲದ ಮೂತಿ (ನರಿಮನ್ ಪಾಯಿಂಟ್ ಸಮುದ್ರ ತುಂಬಿಸಿ ಮಾಡಿದ್ದು, ಹೆಸ್ರು ಮಾತ್ರ ಪಾಯಿಂಟು), ಮೊಬೈಲ್ ಚಾರ್ಜಿಗೆ ಹುಡುಕೋದೂ ಪಾಯಿಂಟ್, ಲೋಕಲ್ ಟ್ರೇನು ಹಳಿ ಬದ್ಲಿಸೋ ಜಾಗಾನೂ ಪಾಯಿಂಟೇ. ಮೂಲ ಲ್ಯಾಟಿನ್ನಿನ ಪುಂಕ್ಟುಮ್, ಅಂದ್ರೆ ಚುಚ್ಚಿದ ಗುರುತು, ಹಾಗಾಗಿ ನಮ್ ಟಯರ್ ಪಂಕ್ಚರ್ ಇದರ ಒಡಹುಟ್ಟು.

ಅಚ್ಚಿನವರ ಪಾಯಿಂಟ್ ಮಾತ್ರ ಅಳತೆ. 1737ರಲ್ಲಿ ಅಚ್ಚುಮೊಳೆ ಮಾಡ್ತಿದ್ದ ಪ್ಯಾರಿಸ್ಸಿನ ಫೂರ್ನಿಯೆ ಶುರು ಮಾಡಿದ್ದು, ಆಮೇಲೆ ದಿದೋ ಅನ್ನೋ ಮುದ್ರಕರು ಅದನ್ನ ಫ್ರೆಂಚ್ ರಾಜನ ಇಂಚಿನ 72ರಲ್ಲಿ ಒಂದು ಪಾಲು ಅಂತ ಮಾಡಿದ್ರು, ಆ ಇಂಚು ಇಂಗ್ಲಿಷ್ ಇಂಚಿಗಿಂತ ಉದ್ದ, ಅಮೆರಿಕದವ್ರದ್ದು ಇನ್ನೊಂದು ಲೆಕ್ಕ. 1984ರಲ್ಲಿ ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರ್ಬೇಕು ಅಂತ ಪ್ರಿಂಟರಿಗೆ ಹೇಳೋ ಭಾಷೆ) ಬಂದ್ಮೇಲೆ ನಮ್ಮ ಕಂಪ್ಯೂಟರಲ್ಲಿ ಇಂಗ್ಲಿಷ್ ಇಂಚಿನ 72ರಲ್ಲಿ ಒಂದು, ಸುಮಾರು 0.353 ಮಿ.ಮೀ. 12 ಪಾಯಿಂಟ್ ಅಂದ್ರೆ 4.23 ಮಿ.ಮೀ.

ಆದ್ರೆ ಸ್ಕೇಲ್ ಇಟ್ಟು ಅಳೆದ್ರೆ ಸಾಮಾನ್ಯವಾಗಿ ಅಕ್ಷರ ಅಷ್ಟಿರಲ್ಲ! ಯಾಕಂದ್ರೆ ಅದು ಅಕ್ಷರದ ಎತ್ತರ ಅಲ್ಲ, ಹಿಂದೆ ಸೀಸದ ಅಚ್ಚುಮೊಳೆ ಇರ್ತಿತ್ತಲ್ಲ, ಆ ಮೊಳೆಯ ಮೈ ಅಳತೆ, ಅಕ್ಷರ ಅದರ ತಲೆ ಮೇಲೆ ಎಲ್ಲೋ ಕೂತಿರ್ತಿತ್ತು. ಮೊಳೆ ಹೋಯ್ತು, ಅದರ ಮೈ ಮಾತ್ರ ಕಾಣದ ಚೌಕಟ್ಟಾಗಿ ಫಾಂಟಲ್ಲಿ ಉಳ್ಕೊಂಡಿದೆ. ಇಂಗ್ಲಿಷಿಗೆ ಆ ಚೌಕಟ್ಟಲ್ಲಿ ಕೆಳಗೆ g, y ಥರದವುಗಳ ಒಂದು ಬಾಲಕ್ಕೆ ಜಾಗ ಬಿಟ್ರೆ ಸಾಕು. ನಮಗೆ? 'ಸ್ತ್ರೀ' ಬರೆದು ನೋಡಿ, ಮೇಲೆ ಗುಡಿಸು, ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು ಬೇರೆ. ಇಷ್ಟನ್ನೂ ತುರುಕೋಕೆ ಎಷ್ಟೋ ಫಾಂಟ್‌ಗಳಲ್ಲಿ ಮುಖ್ಯ ಅಕ್ಷರಾನೇ ಕುಗ್ಗಿಸಿರ್ತಾರೆ. ಅಮ್ಮನ ಕಣ್ಣೂ ಸರಿ, ಅಂಗಡಿಯವ್ನೂ ಸರಿ.

ಕನ್ನಡಾನ 14 ಮಾಡ್ಸಿದ್ವಿ. ಆಗ 'ಲಕ್ಷ್ಮೀ'ಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತು, ಸಾಲುಗಳ ನಡುವೆ ಜಾಗ ಬಿಡ್ಸಿದ್ವಿ, ಸೋದರಮಾವಂದಿರ ಹೆಸ್ರು ಕಾರ್ಡಿಂದ ಹೊರಗೆ ಹೋಯ್ತು. ಕೊನೆಗೆ ಮೂರು ಮಡಿಕೆ ಕಾರ್ಡೇ ಆಯ್ತು, ರೇಟೂ ಏರ್ತು.